ಸರಸಕ್ಕ ತೊಳೆದ ಬಾಟಲಿಗಳು

ಸರಸಕ್ಕನ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಮನೆಯವರು, ಬಾಟಲಿ ತೊಳೆಯುವವರ ಬಗ್ಗೆ ಬರೆಯಲಿಕ್ಕೆ ಎಂತ ಉಂಟು ಎಂದು ಕೇಳಿದರು. ಅದೇ ಸಿಟ್ಟಿಗೆ ಕೂತು ಬರೆಯುತ್ತಿದ್ದೇನೆ. ನನ್ನ ಹೆಸರು ಹಫ್ಸ, ಊರು ಪಾಣೆಮಂಗಳೂರು, ಒಂದು ಪ್ರಯೋಗಾಲಯದಲ್ಲಿ ಯಂತ್ರ ನಡೆಸುವ ಕೆಲಸ. ಸರಸಕ್ಕನ ಜೊತೆ ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಹೋಗಿ ಬಂದಿದ್ದೇನೆ. ಅವರಿಗಾದ ಅನ್ಯಾಯದಲ್ಲಿ ನನ್ನದೂ ಒಂದು ಮಾತು ಸೇರಿದೆ. ಅದನ್ನು ಮುಚ್ಚಿಟ್ಟು ಬೇರೆಯವರನ್ನು ಬೈಯುವುದು ಸರಿಯಲ್ಲ.

ಸರಸಕ್ಕ ನರಿಕೊಂಬಿನವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವರು ಮೂವತ್ತೈದು ವರ್ಷ ತುಂಬುವವರೆಗೆ ಅದನ್ನೇ ಮಾಡಿದರು. ಗಂಡ ಸಂಕಪ್ಪಣ್ಣ ಗಾರೆ ಕೆಲಸದವರು. ಮಿಜಾರಿನಿಂದ ಎರಡು ಕಿಲೋಮೀಟರು ಒಳಗೆ ನಮ್ಮ ಸಂಶೋಧನಾ ಕೇಂದ್ರದ ಕಟ್ಟಡ ಏಳುವಾಗ ಅವರು ಅಲ್ಲಿ ದುಡಿದಿದ್ದರು. ಕಟ್ಟಡ ಮುಗಿದು, ಗುಡಿಸಿ ಒರಸಲು ಜನ ಬೇಕು ಎಂದಾಗ ಹೆಂಡತಿಯನ್ನು ಕರೆತಂದು ಬಿಟ್ಟರು. ನಮ್ಮ ಕೇಂದ್ರದ ಸಂಶೋಧನೆ ಕಡಲಪಾಚಿಯ ಮೇಲೆ. ಕಡಲೋ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಎಲ್ಲೂ ಇಲ್ಲ. ದುಬೈಯಲ್ಲಿ ಹೋಟೆಲು ಮಾಡಿ ಗೆದ್ದವರೊಬ್ಬರು ಜಾಗವನ್ನು ಪುಕ್ಕಟೆ ಕೊಟ್ಟರು, ಆದ್ದರಿಂದ ಕಡಲಪಾಚಿ ಗುಡ್ಡ ಹತ್ತಿತು. ಕಾಪುವಿನ ಬಂಡೆಗಳಿಂದ ಪಾಚಿಯನ್ನೂ, ಕ್ಯಾನುಗಳಲ್ಲಿ ಉಪ್ಪುನೀರನ್ನೂ ವ್ಯಾನಿನಲ್ಲಿ ಹೊತ್ತು ತಂದು ತೊಟ್ಟಿಗೆ ತುಂಬಿಸಿ ನಾವು ಅದಕ್ಕೆ ಕಡಲು ಎಂದು ಹೇಳುತ್ತಿದ್ದೆವು.

ಗುಡಿಸಲು ಬಂದ ಸರಸಕ್ಕ ಒಂದೇ ವರ್ಷದಲ್ಲಿ ಬಾಟಲಿಗಳ ಯಜಮಾನಿಯಾದರು. ಇದನ್ನು ಸ್ವಲ್ಪ ವಿವರಿಸಬೇಕು. ನೀರಿನಲ್ಲಿ, ಪಾಚಿಯಲ್ಲಿ ಎಷ್ಟು ತಾಮ್ರ, ಎಷ್ಟು ಸೀಸ ಇದೆ ಎಂದು ಅಳೆಯುವ ಕಡೆ ಬಾಟಲಿಯನ್ನು ಸೋಪು ಹಾಕಿ ಉಜ್ಜಿದರೆ ಸಾಲದು. ಆಸಿಡ್ಡಿನಲ್ಲಿ ಒಂದು ದಿನ ಮುಳುಗಿಸಿಟ್ಟು, ಶುದ್ಧ ನೀರಿನಲ್ಲಿ ಮೂರು ಸಲ ಜಾಲಿಸಿ, ಧೂಳು ಬೀಳದ ಪೆಟ್ಟಿಗೆಯಲ್ಲಿ ಬಾಯಿ ಕೆಳಗೆ ಮಾಡಿ ಒಣಗಿಸಬೇಕು. ಸರಸಕ್ಕ ಒಳಗೆ ಕಾಲಿಟ್ಟ ಕೂಡಲೇ ಬಳೆ ತೆಗೆದು ಬುತ್ತಿ ಚೀಲಕ್ಕೆ ಹಾಕುತ್ತಿದ್ದರು. ಮೂರು ಸಲ ಹೇಳಿದಲ್ಲಿ ಐದು ಸಲ ಜಾಲಿಸುತ್ತಿದ್ದರು. ತೊಳೆದ ಬಾಟಲಿಗೆ ಒಂದು ಚೀಟಿ ಅಂಟಿಸಿ ಅದರ ಮೇಲೆ ‘ಸ’ ಎಂದು ಬರೆಯುತ್ತಿದ್ದರು. ಅದು ಯಾರೂ ಹೇಳಿಕೊಟ್ಟದ್ದಲ್ಲ. ಕೊನೆಕೊನೆಗೆ ವಿದ್ಯಾರ್ಥಿಗಳು ‘ಸ’ ಇಲ್ಲದ ಬಾಟಲಿಯನ್ನು ಮುಟ್ಟುತ್ತಲೇ ಇರಲಿಲ್ಲ. ಹದಿನೇಳು ವರ್ಷ ಹೀಗೆ ನಡೆಯಿತು. ಅಷ್ಟು ವರ್ಷವೂ ಅವರದು ವರ್ಷ ವರ್ಷ ಮುಂದುವರಿಸುವ ಗುತ್ತಿಗೆ ಕೆಲಸ. ಖಾಯಂ ಮಾಡುವ ಮಾತು ಪ್ರತಿ ಸಲವೂ ಬಂದು ಪ್ರತಿ ಸಲವೂ ಹೋಗುತ್ತಿತ್ತು.

ವಿಜೇತಾ ಬಂದದ್ದು ಆರು ವರ್ಷದ ಹಿಂದೆ. ಬೆಳ್ತಂಗಡಿ ತಾಲೂಕಿನ ನೆರಿಯದ ಹುಡುಗಿ, ಜಮೀನು ಇರುವ ಮನೆ. ಚುರುಕು, ಮಾತು ನಯ. ಬಂದ ಮೊದಲ ವಾರವೇ ನಮ್ಮ ಡೈರೆಕ್ಟರ್ ಬದ್ರುದ್ದೀನ್ ಸರ್ ಅವಳನ್ನು ಸರಸಕ್ಕನಿಗೆ ಒಪ್ಪಿಸಿ, ಮೊದಲು ತೊಳೆಯುವುದನ್ನು ಕಲಿ, ಆಮೇಲೆ ಸಂಶೋಧನೆ ಮಾಡುವ ಎಂದರು. ಸರಸಕ್ಕ ಕಲಿಸಿದರು. ಪಾಚಿಗೆ ಅಂಟಿದ ಮರಳನ್ನು, ಚಿಪ್ಪಿನ ಚೂರನ್ನು ಮೆತ್ತಗಿನ ಬ್ರಷ್ಷಿನಿಂದ ತೆಗೆಯುವುದು ಹೇಗೆ, ನಲ್ಲಿ ನೀರು ತಾಗಿಸದೆ ಉಪ್ಪುನೀರಿನಲ್ಲೇ ಜಾಲಿಸುವುದು ಹೇಗೆ, ಎಲ್ಲವನ್ನೂ. ಬೀಡಿ ಎಲೆ ಹರಿಯದಂತೆ ಸುತ್ತಿದ ಬೆರಳುಗಳಿಗೆ ಅದು ಕಷ್ಟವಿರಲಿಲ್ಲ. ಹಾಸ್ಟೆಲಿನ ಊಟ ಸೇರದ ಹುಡುಗಿಗೆ ಅವರು ದಿನಾ ಎರಡನೆಯ ಬುತ್ತಿ ತಂದರು. ಪುಂಡಿ, ಬಸಳೆ ಗಸಿ, ಕೆಲವು ದಿನ ಒಣಮೀನಿನ ಚಟ್ನಿ. ವಿಜೇತಾ ಬುತ್ತಿಯ ತಳ ಬೆರಳಿನಿಂದ ಒರಸಿ ತಿನ್ನುವುದನ್ನು ನೋಡಿ ನಾನೇ ತಮಾಷೆ ಮಾಡಿದ್ದೆ, ಬುತ್ತಿಯನ್ನು ಆಸಿಡ್ಡಿಗೆ ಹಾಕುವ ಅಗತ್ಯವೇ ಇಲ್ಲ ಎಂದು.

ಅವಳ ಸಂಶೋಧನೆ ಕಂದು ಕಡಲಪಾಚಿಯ ಮೇಲೆ. ಬೀಸಣಿಗೆಯಂತೆ ಅರಳುವ ಒಂದು ಜಾತಿ, ಪಡೀನಾ ಎಂದು ಹೆಸರು. ಬಂಡೆಗೆ ಕಚ್ಚಿ ಕೂತ ಪಾಚಿ ವಿಷ ಬಂತೆಂದು ಎದ್ದು ಓಡುವ ಹಾಗಿಲ್ಲ. ತಾಮ್ರ, ಸೀಸ, ಕ್ಯಾಡ್ಮಿಯಂ ಮೈಯೊಳಗೆ ನುಗ್ಗಿದರೆ ಅದನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನನ್ನು ಅದು ತನ್ನೊಳಗೇ ತಯಾರಿಸಿಕೊಳ್ಳಬೇಕು. ಆ ಪ್ರೋಟೀನು ಮಾಡುವ ವಿಧಾನ ಬರೆದಿಟ್ಟಿರುವುದು ಕೆಲವು ಜೀನುಗಳಲ್ಲಿ. ಲೋಹ ಇಲ್ಲದಾಗ ಅವು ತೂಕಡಿಸುತ್ತಿರುತ್ತವೆ, ಲೋಹ ತಾಗಿದ ಕೆಲವೇ ಗಂಟೆಗಳಲ್ಲಿ ಎದ್ದು ಕೆಲಸಕ್ಕೆ ಇಳಿಯುತ್ತವೆ. ಎಷ್ಟು ಎದ್ದಿವೆ ಎಂದು ಅಳೆಯುವ ಯಂತ್ರ ನನ್ನದು. ವಿಜೇತಾ ಕೆಲವು ತೊಟ್ಟಿಗಳಿಗೆ ಅಳೆದು ಲೋಹ ಹಾಕುತ್ತಿದ್ದಳು. ಒಂದು ತೊಟ್ಟಿಗೆ ಏನೂ ಹಾಕುವುದಿಲ್ಲ, ಬರೀ ಶುದ್ಧ ಕಡಲ ನೀರು. ಹೋಲಿಸಿ ನೋಡಲು ಅದೇ ಆಧಾರ. ಅದು ಕೆಟ್ಟರೆ ಉಳಿದ ಎಲ್ಲ ತೊಟ್ಟಿಗಳ ಲೆಕ್ಕವೂ ಕೆಟ್ಟಂತೆ.

ಹೋದ ವರ್ಷ ಜನವರಿಯಲ್ಲಿ ಅದೇ ಕೆಟ್ಟಿತು. ಏನೂ ಹಾಕದ ತೊಟ್ಟಿಯ ಪಾಚಿಯನ್ನು ಯಂತ್ರಕ್ಕೆ ಹಾಕಿದಾಗ ತೂಕಡಿಸಬೇಕಾದ ಜೀನುಗಳು ಎದ್ದು ಕುಣಿಯುತ್ತಿದ್ದವು. ನಾನು ಎರಡು ಸಲ, ಮೂರು ಸಲ ನಡೆಸಿ ನೋಡಿದೆ. ಅದೇ ಉತ್ತರ. ಹಿಂದೆ ಬಂದು ನಿಂತ ಬದ್ರುದ್ದೀನ್ ಸರ್ ಏನಾಯಿತು ಎಂದು ಕೇಳಿದರು. ನಾನು ಯೋಚಿಸದೆ, ತೊಟ್ಟಿಗೆ ನೀರು ಅಳೆದು ಹಾಕುವ ಬಾಟಲಿ ಸರಿಯಾಗಿ ತೊಳೆದಿಲ್ಲವೋ ಏನೋ ಎಂದುಬಿಟ್ಟೆ. ನನ್ನ ಯಂತ್ರದ ತಪ್ಪಲ್ಲ ಎಂದು ತೋರಿಸುವ ಅವಸರ, ಬೇರೇನೂ ಇಲ್ಲ. ಅನ್ಯಾಯದಲ್ಲಿ ನನ್ನದೂ ಒಂದು ಮಾತು ಸೇರಿದೆ ಎಂದೆನಲ್ಲ, ಅದು ಇದೇ. ಬಾಯಿಗೆ ಬೀಗ ಹಾಕಿಕೊಳ್ಳಬೇಕಾಗಿದ್ದ ಒಂದೇ ಒಂದು ದಿನ ನಾನು ಹಾಕಿಕೊಳ್ಳಲಿಲ್ಲ.

ಎರಡು ದಿನ ಬಿಟ್ಟು ಸರ್ ಎಲ್ಲರನ್ನೂ ಕೋಣೆಗೆ ಕರೆದರು. ಕೇಂದ್ರಕ್ಕೆ ಅನುದಾನ ಕೊಡುವವರು ತಿಂಗಳ ಕೊನೆಗೆ ಬರುವವರಿದ್ದರು, ಅವರಿಗೆ ಒಂದು ಕಾರಣ ತೋರಿಸಬೇಕಿತ್ತು. ಬಾಟಲಿ ತೊಳೆದವರು ಯಾರು ಎಂದು ಕೇಳಿದರು. ಊರಿಗೇ ಗೊತ್ತಿರುವ ವಿಷಯ. ನಾನು ಏನೋ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ವಿಜೇತಾ ಮಾತಾಡಿದಳು.

“ಸರಸಕ್ಕನಿಗೆ ಏನೂ ಬೈಯಬೇಡಿ ಸರ್. ನನಗೆ ಅಮ್ಮನ ಹಾಗೆ ಅವರು. ವಯಸ್ಸಾಯ್ತಲ್ಲ, ಒಂದು ಸಲ ಆಸಿಡ್ಡಿಗೆ ಹಾಕ್ಲಿಕ್ಕೆ ಮರೆತಿರಬಹುದು.”

ಬೈಗುಳಕ್ಕಾದರೆ ಎದುರು ನಿಲ್ಲಬಹುದು. ಈ ಬೆಣ್ಣೆ ಮಾತಿಗೆ ಯಾರು ಏನು ಹೇಳುವುದು? ಸರಸಕ್ಕ ಅವಳ ಮುಖ ನೋಡಿದರು. ಒಂದು ಮಾತಿಗೆ ಕಾಯುತ್ತಿದ್ದಂತೆ ನೋಡಿದರು. ವಿಜೇತಾ ತನ್ನ ಪುಸ್ತಕದ ಪುಟ ತಿರುವಿದಳು. ಮರೆತದ್ದು ಹೌದಾ ಎಂದು ಸರ್ ಕೇಳಿದಾಗ ಸರಸಕ್ಕ ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಹದಿನೇಳು ವರ್ಷದಲ್ಲಿ ತನ್ನ ಬಾಟಲಿಯ ಬಗ್ಗೆ ಒಂದು ಸಣ್ಣ ಮಾತು ಬಂದರೂ ಜಗಳಕ್ಕೆ ನಿಲ್ಲುತ್ತಿದ್ದ ಹೆಂಗಸು. ಅವರ ಮೌನ ನೋಡಿ ನಾನು ಕೂಡ, ನಿಜವಾಗಿ ಮರೆತಿರಬೇಕು ಎಂದುಕೊಂಡೆ. ಹೀಗೆ ಅಂದುಕೊಂಡದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಇಂಗ್ಲಿಷಿನಲ್ಲಿ ಒಂದು ಕಾಗದ ತಯಾರಾಯಿತು. ನನ್ನ ಅಜಾಗರೂಕತೆಯಿಂದ ಹೀಗಾಯಿತು ಎಂದು ಅದರ ಅರ್ಥ. ಸರಸಕ್ಕನಿಗೆ ಇಂಗ್ಲಿಷು ಬರುವುದಿಲ್ಲ. ಅದು ಬರೀ ಫಾರ್ಮಾಲಿಟಿ, ಅನುದಾನದವರು ಬಂದು ಹೋದ ಮೇಲೆ ಹರಿದು ಹಾಕುವುದು ಎಂದು ಪೆನ್ನು ಕೊಟ್ಟವಳು ವಿಜೇತಾ. ಸರಸಕ್ಕ ಕನ್ನಡದಲ್ಲಿ, ಬಾಟಲಿಯ ಮೇಲೆ ಬರೆಯುವಷ್ಟೇ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದರು. ಏಪ್ರಿಲ್ ಒಂದಕ್ಕೆ ಬಂದಾಗ ಹಾಜರಿ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ಯಾರೂ ಹೋಗಿ ಎಂದು ಹೇಳಲಿಲ್ಲ, ಹೆಸರು ಬರೆದಿರಲಿಲ್ಲ, ಅಷ್ಟೆ. ಅವರು ಚೀಲದಿಂದ ಬಳೆ ತೆಗೆದು ಹಾಕಿಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದರು. ಬೇರೆ ಎರಡು ಕಾಲೇಜುಗಳಲ್ಲಿ ಲ್ಯಾಬಿನ ಕೆಲಸ ಕೇಳಿದರಂತೆ. ಬಾಟಲಿ ತೊಳೆಯುವಲ್ಲಿ ತಪ್ಪು ಮಾಡಿದವರು ಎಂಬ ಮಾತು ಅವರಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಮತ್ತೆ ಬೀಡಿ ಕಟ್ಟಲು ಕೂತರು.

ಈ ವರ್ಷ ಸೆಪ್ಟೆಂಬರಿನಲ್ಲಿ ವಿಜೇತಾಳ ಲೇಖನ ಹೊರದೇಶದ ಒಂದು ಪತ್ರಿಕೆಯಲ್ಲಿ ಬಂತು. ಬೆಳ್ತಂಗಡಿಯಲ್ಲಿ ಶಾಲು ಹೊದಿಸಿದರು, ನಮ್ಮ ಕೇಂದ್ರದ ಬಾಗಿಲಿಗೆ ಅವಳ ಫೋಟೋ ಇರುವ ಫ್ಲೆಕ್ಸು ಬಿತ್ತು. ನಾನೂ ಕೈ ಕುಲುಕಿ ಲಾಡು ತಿಂದೆ. ಎರಡು ದಿನ ಬಿಟ್ಟು ಬಿಡುವಿನಲ್ಲಿ ಲೇಖನ ತೆರೆದು ಓದಿದೆ. ವಿಷಯ ಹೊಸದು: ತೋಟಗಳಿಗೆ ಮದ್ದು ಬಿಡಲು ಸುಣ್ಣದ ಜೊತೆ ಕಲಸುವ ಮೈಲುತುತ್ತಿನಲ್ಲಿ ತಾಮ್ರ ಇರುತ್ತದಲ್ಲ, ಅದರ ತೀರಾ ಸಣ್ಣ ಪ್ರಮಾಣ ಕಡಲು ಸೇರಿದರೂ ಕಂದು ಪಾಚಿಯ ಜೀನುಗಳು ಎಚ್ಚರಗೊಳ್ಳುತ್ತವೆ ಎಂದು. ಒಳ್ಳೆಯ ವಿಷಯವೇ. ಆಮೇಲೆ ಕೋಷ್ಟಕಕ್ಕೆ ಬಂದೆ.

ಆ ಅಂಕಿಗಳು ನನ್ನವು. ಜನವರಿಯಲ್ಲಿ ಮೂರು ಸಲ ನಡೆಸಿ ಮೂರು ಸಲವೂ ತಲೆ ಕೆಡಿಸಿಕೊಂಡ ಅಂಕಿಗಳನ್ನು ನಾನು ಮರೆಯುವುದುಂಟೇ? ಯಂತ್ರದ ಹಳೆಯ ಕಡತ ತೆಗೆದು ಪಕ್ಕಕ್ಕಿಟ್ಟೆ. ದಶಾಂಶ ಚುಕ್ಕಿಯ ಆಚೆ ಕೂಡ ವ್ಯತ್ಯಾಸವಿರಲಿಲ್ಲ. ಬಾಟಲಿ ಸರಿ ತೊಳೆಯದೆ ಹಾಳಾಯಿತು ಎಂದು ಒಬ್ಬರ ಅನ್ನ ಕಿತ್ತ ಅದೇ ತೊಟ್ಟಿ, ಇಲ್ಲಿ ಬೇಕೆಂದೇ ಮೈಲುತುತ್ತು ಹಾಕಿ ಮಾಡಿದ ಪ್ರಯೋಗವಾಗಿತ್ತು. ಅಂದರೆ ಆ ನೀರಿನಲ್ಲಿ ಏನಿತ್ತು ಎಂದು ಅವಳಿಗೆ ಗೊತ್ತಿತ್ತು. ಅರ್ಧ ದಿನದ ರಜೆ ಹಾಕಿ, ಕಡತದ ಪ್ರತಿ ಚೀಲಕ್ಕೆ ತುರುಕಿ, ಮೂಡುಬಿದಿರೆಯಿಂದ ಸಿದ್ಧಕಟ್ಟೆಯ ಮೇಲೆ ಬಿ.ಸಿ.ರೋಡಿಗೆ, ಅಲ್ಲಿಂದ ನರಿಕೊಂಬಿಗೆ ಹೋದೆ.

ಸರಸಕ್ಕ ಜಗಲಿಯಲ್ಲಿ ಬೀಡಿ ಎಲೆಯ ಗೆರಸೆ ಮಡಿಲಲ್ಲಿಟ್ಟು ಕೂತಿದ್ದರು. ನನ್ನನ್ನು ನೋಡಿ ಮುಖ ಅರಳಿತು, ಚಹಾ ಮಾಡಿದರು, ನನ್ನ ಮಕ್ಕಳ ಸುದ್ದಿ ಕೇಳಿದರು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ನಾನು ಕಾಗದ ಬಿಡಿಸಿ ಎಲ್ಲವನ್ನೂ ಹೇಳಿದೆ. ಅವರು ಎಲೆಗೆ ಹೊಗೆಸೊಪ್ಪು ತುಂಬುತ್ತಲೇ ಕೇಳಿದರು. ನನಗಾದ ಆಶ್ಚರ್ಯ ಅವರಿಗಾಗಲಿಲ್ಲ.

“ಮೈಲುತುತ್ತು ಅಂತ ನೀನೇ ಕಂಡುಹಿಡಿದದ್ದು,” ಎಂದರು. “ನಾನು ಹೇಳಿದ್ದಲ್ಲ. ಅದು ನೆನಪಿರಲಿ.”

ಆಮೇಲೆ ಒಂದೊಂದಾಗಿ ಹೊರಬಂತು. ಆ ಜನವರಿಯಲ್ಲಿ ಕೇಂದ್ರದ ವ್ಯಾನು ಗ್ಯಾರೇಜಿನಲ್ಲಿತ್ತು. ವಿಜೇತಾಳ ಅಣ್ಣ ಭವಿತ್ ತನ್ನ ಪಿಕಪ್ಪಿನಲ್ಲಿ ಮನೆಯ ಕ್ಯಾನುಗಳನ್ನು ಹಾಕಿಕೊಂಡು ಹೋಗಿ ಕಾಪುವಿನಿಂದ ನೀರು ತಂದುಕೊಟ್ಟಿದ್ದ. ಮೂರನೆಯ ದಿನ ಏನೂ ಹಾಕದ ತೊಟ್ಟಿಯ ಪಾಚಿಯ ಅಂಚು ಬಿಳಿಚಿಕೊಂಡದ್ದು ಸರಸಕ್ಕನ ಕಣ್ಣಿಗೆ ಬಿತ್ತು. ಖಾಲಿ ಕ್ಯಾನನ್ನು ತೊಳೆಯಲು ಮುಚ್ಚಳ ತಿರುಗಿಸಿದರೆ ಅದರ ಸುತ್ತಿನೊಳಗೆ ನೀಲಿ ಕಿಟ್ಟ. ನಮ್ಮ ಕಡೆಯವರಿಗೆ ಮೈಲುತುತ್ತಿನ ಆ ನೀಲಿಯನ್ನು ಯಾರೂ ಗುರುತು ಹೇಳಬೇಕಾಗಿಲ್ಲ. ಮದ್ದು ಕಲಸುವ ಕ್ಯಾನನ್ನು ಮೂರು ಸಲ ತೊಳೆದು, ಹುಳಿ ಹಾಕಿ ಉಜ್ಜಿ, ಅದರಲ್ಲೇ ಕೆಲಸದವರಿಗೆ ಕುಡಿಯುವ ನೀರು ಕೊಂಡುಹೋಗುವ ಮನೆಗಳು ಎಷ್ಟು ಬೇಕು. ಭವಿತ್ ಕೂಡ ಹಾಗೆಯೇ ತೊಳೆದಿದ್ದ. ಮನುಷ್ಯರ ಹೊಟ್ಟೆಗೆ ಸಾಕಾಗುವ ತೊಳೆಯುವಿಕೆ ಪಾಚಿಗೆ ಸಾಕಾಗಲಿಲ್ಲ.

ಸರಸಕ್ಕ ವಿಜೇತಾಳನ್ನು ಸ್ಟೋರಿನ ಹಿಂದೆ ಕರೆದು ಮುಚ್ಚಳ ತೋರಿಸಿದರು. ಹುಡುಗಿ ಅತ್ತಳು. ಮನೆಯ ಕ್ಯಾನು ತಂದದ್ದು ಗೊತ್ತಾದರೆ ಸರ್ ತನ್ನ ಮೂರು ವರ್ಷದ ಕೆಲಸವನ್ನೇ ಸಂಶಯಪಡುತ್ತಾರೆ, ಆ ತೊಟ್ಟಿಯನ್ನು ಚೆಲ್ಲಿ ಮೊದಲಿಂದ ಮಾಡುತ್ತೇನೆ, ಯಾರಿಗೂ ಹೇಳಬೇಡಿ ಎಂದಳು. ಸರಸಕ್ಕನ ಕೈ ತೆಗೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ತಲೆ ಮುಟ್ಟಿ ಆಣೆ ಹಾಕಿ ಸರಸಕ್ಕ ಎಂದಳು. ಇವರು ಹಾಕಿದರು. ಮಾತು ತಪ್ಪಿದರೆ ಕೇಡು ತಟ್ಟುವುದು ಮುಟ್ಟಿಸಿಕೊಂಡ ತಲೆಗೆ. ಅವಳು ಮಾತ್ರ ತೊಟ್ಟಿ ಚೆಲ್ಲಲಿಲ್ಲ, ಅದರ ಪಾಚಿಯೇ ನನ್ನ ಯಂತ್ರಕ್ಕೆ ಬಂತು.

“ಆ ಮುಚ್ಚಳ ಎಲ್ಲಿ?” ಎಂದು ಕೇಳಿದೆ.

“ತೊಳೆದೆ,” ಎಂದರು. “ಆಗಲೇ ಆಸಿಡ್ಡಿಗೆ ಹಾಕಿ ತೊಳೆದಿಟ್ಟೆ. ಕೊಳೆ ಕಂಡರೆ ನನಗೆ ಬಿಡ್ಲಿಕ್ಕಾಗುವುದಿಲ್ಲ, ನಿನಗೆ ಗೊತ್ತುಂಟಲ್ಲ.”

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮುಚ್ಚಳ ಹೋದರೆ ಹೋಗಲಿ, ಈಗ ನನ್ನ ಕಡತ ಉಂಟು, ಲೇಖನ ಉಂಟು, ಎರಡನ್ನೂ ಬದ್ರುದ್ದೀನ್ ಸರ್ ಮೇಜಿಗೆ ಹಾಕುವ, ನೀವು ಬಂದು ನಡೆದದ್ದನ್ನು ನಿಮ್ಮ ಬಾಯಿಂದ ಹೇಳಿ ಎಂದೆ. ಕೆಲಸ ಸಿಗುತ್ತದೋ ಇಲ್ಲವೋ, ಹೆಸರಿಗೆ ಅಂಟಿದ ಕೊಳೆಯಾದರೂ ತೊಳೆದುಹೋಗುತ್ತದೆ ಎಂದೆ. ಸರಸಕ್ಕ ಬರುವುದಿಲ್ಲ ಎಂದರು. ಕೆಲಸ ಹೋದ ದಿನ ಸಿಟ್ಟು ತಡೆಯಲಾಗದೆ ಸಂಕಪ್ಪಣ್ಣನ ಹತ್ತಿರ ಎಲ್ಲವನ್ನೂ ಹೇಳಿಬಿಟ್ಟಿದ್ದರಂತೆ. ಹೇಳಿದ ಮೇಲೆ ಹೆದರಿಕೆ ಶುರುವಾಯಿತು. ಆಣೆ ಮುರಿದದ್ದು ತಾನು, ಅನುಭವಿಸುವುದು ಹುಡುಗಿ. ಅದಕ್ಕೆ ಅಂದಿನಿಂದ ಪ್ರತಿ ಸೋಮವಾರ ಊಟ ಬಿಟ್ಟಿದ್ದಾರೆ. ಅವಳ ತಲೆಗೆ ಏನೂ ತಟ್ಟಬಾರದು ಎಂದು. ಒಂದೂವರೆ ವರ್ಷದ ಸೋಮವಾರಗಳು. ಆ ದಿನವೂ ಸೋಮವಾರವೇ. ಮೂರು ಗಂಟೆಯಾಗಿತ್ತು, ನನಗೆ ಚಹಾ ಕೊಟ್ಟವರು ತಾವು ಕುಡಿದಿರಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. ಯಾರಿಗಾಗಿ ಈ ಉಪವಾಸ? ಮೆಟ್ಟಿಲಿಳಿದು ಅಂಗಳದ ಕೊನೆಗೆ ಹೋಗಿ ವಿಜೇತಾಳಿಗೆ ಫೋನು ಮಾಡಿದೆ. ಕಡತದ ವಿಷಯ ಹೇಳಿದೆ. ಅವಳು ಸುಳ್ಳು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಒಪ್ಪಬೇಕು. ತಪ್ಪಿನಿಂದ ಒಳ್ಳೆಯ ಫಲಿತಾಂಶ ಬರುವುದು ವಿಜ್ಞಾನದಲ್ಲಿ ಇದ್ದದ್ದೇ, ತಾನು ಆಮೇಲೆ ಆ ನೀರನ್ನು ಅಳೆಯಿಸಿದ್ದೇನೆ, ಅಂಕಿ ಸುಳ್ಳಲ್ಲ ಎಂದಳು. ಸರಸಕ್ಕನ ಕೆಲಸ ಹೋದದ್ದಕ್ಕೆ ಬೇಸರವಿದೆ, ಆದರೆ ತೆಗೆದದ್ದು ಸರ್, ತಾನಲ್ಲ ಎಂದಳು. ಹಾಗಾದರೆ ನಿನ್ನ ತಲೆ ಮುಟ್ಟಿಸಿ ಹಾಕಿಸಿದ ಆಣೆಯ ಕಥೆ ಏನು ಎಂದು ಕೇಳಿದೆ. ಅವಳು ಸಣ್ಣಗೆ ನಕ್ಕಳು.

“ಅದನ್ನೆಲ್ಲ ಯಾರು ನಂಬ್ತಾರೆ ಮೇಡಂ? ಹಾಗೆ ಮಾಡದಿದ್ದರೆ ಸರಸಕ್ಕ ಸುಮ್ಮನಿರ್ತಿರಲಿಲ್ಲ, ಅದಕ್ಕೆ ಮಾಡಿದ್ದು.”

ಮರಳಿ ಬಂದಾಗ ಸರಸಕ್ಕ ಬೀಡಿ ಕಟ್ಟುವುದನ್ನು ನಿಲ್ಲಿಸಿದ್ದರು. ಎಂತ ಹೇಳಿದಳು ಎಂದು ಕೇಳಿದರು. ಮುಚ್ಚಿಡಬಹುದಿತ್ತು. ಒಂದು ಸಲ ಯೋಚಿಸದೆ ಮಾತಾಡಿ ಅವರ ಮನೆ ಹಾಳು ಮಾಡಿದವಳು, ಈ ಸಲ ಯೋಚಿಸಿಯೇ ಹೇಳಿದೆ. ಒಂದು ಶಬ್ದ ಬಿಡದೆ ಹೇಳಿದೆ.

ಅವರು ಆಣೆ ಹಾಕಿದ ತಮ್ಮ ಬಲಗೈಯನ್ನೇ ನೋಡುತ್ತಿದ್ದರು.

“ಹಾಗಾದರೆ ಅವಳಿಗೆ ಆಗಲೇ ಗೊತ್ತಿತ್ತು, ಹಫ್ಸಾ. ನಾನು ನಂಬ್ತೇನೆ ಅಂತ.”

ಎದ್ದು ಒಳಗೆ ಹೋದರು. ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿತು. ಬಟ್ಟಲಲ್ಲಿ ಅನ್ನ, ಅದರ ಮೇಲೆ ಸಾರು ಹಾಕಿಕೊಂಡು ಬಂದು ನನ್ನ ಎದುರು ಕೂತರು. ಸೋಮವಾರದ ದಿನ, ನಾನು ನೋಡುತ್ತಿದ್ದ ಹಾಗೆ ಕಲಸಿ ಎರಡು ತುತ್ತು ತಿಂದರು. ಮೂರನೆಯದನ್ನು ಬಾಯಿಯ ತನಕ ಎತ್ತಿ, ಆದರೂ ಮುಟ್ಟಿದ್ದು ಅವಳ ತಲೆಯಲ್ಲವಾ ಎಂದು ಬಟ್ಟಲಿಗೇ ಇಳಿಸಿದರು.